ಅಮಿತ ಮಳೆ, ಹದಿನೆಂಟೂವರೆ ಅಡಿ ಕಲ್ಲು

ಎಂಟೂ ಇಪ್ಪತ್ತಾಗುತ್ತಿದ್ದಂತೆ ಭಾವ ಕಾಫಿ ಲೋಟ ಕೆಳಗಿಟ್ಟು ಎದ್ದರು. ಜಗುಲಿ ಮೂಲೆಯಿಂದ ಕೊಡೆ ತೆಗೆದುಕೊಂಡು, ಗೂಡಿನಲ್ಲಿದ್ದ ಮಳೆ ಅಳೆಯುವ ಗಾಜಿನ ಜಾಡಿಯನ್ನು ಬೈರಾಸಿನಲ್ಲಿ ಒರೆಸಿದರು. "ಬಾ ಮಾರಾಯ, ಎಂಟೂವರೆಗೆ ಸರಿಯಾಗಿ ನೋಡಬೇಕು" ಎಂದರು.

ಅಕ್ಕನನ್ನು ಕೊಟ್ಟಿರುವ ಊರು ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ದಾರಿಯಲ್ಲಿ, ಹೆದ್ದಾರಿ ಬಿಟ್ಟು ಒಳಗೆ ಸಿಗುತ್ತದೆ. ನಾನು ಚಳ್ಳಕೆರೆ ಕಡೆಯವನು. ನಮ್ಮಲ್ಲಿ ಮಳೆ ಬಂದರೆ ಜನ ಹೊರಗೆ ಬಂದು ನಿಂತು ನೋಡುತ್ತಾರೆ, ಇಲ್ಲಿ ಮಳೆ ನಿಂತರೆ ಹೊರಗೆ ಬರುತ್ತಾರೆ. ಜುಲೈ ತಿಂಗಳ ಎರಡನೇ ಶನಿವಾರ, ಪುನರ್ವಸು ಮಳೆ. ಮುಂದೆ ಎರಡು ದಿನ ರಜೆ ಸೇರಿಸಿಕೊಂಡು ಬಂದಿದ್ದೆ. ಬರುವುದಕ್ಕೆ ಒಂದು ಕಾರಣವೂ ಇತ್ತು. ಪಿಯು ಮಕ್ಕಳಿಗೆ ಭೌತಶಾಸ್ತ್ರ ಹೇಳುವವನು ನಾನು. ಜೂನ್‌ನಲ್ಲಿ ಮಾನಗಳು, ಅಳತೆ ಎಂಬ ಪಾಠ ಮಾಡುತ್ತಿದ್ದಾಗ ಒಬ್ಬ ಹುಡುಗಿ ಎದ್ದು ನಿಂತು ಕೇಳಿದಳು: "ಮೊದಲನೇ ಸ್ಕೇಲನ್ನ ಯಾವ ಸ್ಕೇಲ್ ಇಟ್ಟು ಅಳೆದ್ರು ಸರ್?" ಗಂಟೆ ಹೊಡೆಯಿತು, ನಾಳೆ ಹೇಳುತ್ತೇನೆ ಎಂದೆ. ನಾಳೆಯೂ ಹೇಳಲಿಲ್ಲ. ಗೊತ್ತಿದ್ದ ಉತ್ತರ ಅವಳ ಪ್ರಶ್ನೆಗಿಂತ ಸಣ್ಣದು ಅನ್ನಿಸಿತ್ತು. ಅದನ್ನೇ ತಲೆಯಲ್ಲಿಟ್ಟುಕೊಂಡು ಶಿವಮೊಗ್ಗದ ಬಸ್ ಹತ್ತಿದ್ದೆ.

ಭಾವನ ಮಳೆಮಾಪಕ ಅಂಗಳ ದಾಟಿ, ಒಣಗುಹಾಕುವ ಕಣದ ಆಚೆ ಬಯಲಲ್ಲಿದೆ. ಬಾಯಿಯ ಅಗಲ ಒಂದು ಗೇಣಿಗೂ ಸ್ವಲ್ಪ ಕಡಿಮೆ. ವಿಸ್ತೀರ್ಣ 200 ಚದರ ಸೆಂಟಿಮೀಟರ್. ಒಳಗಿನ ಡಬ್ಬಿಯನ್ನು ಎರಡು ಕೈಯಲ್ಲಿ ಎತ್ತಿ ತಂದು ಜಗುಲಿಯ ಕಟ್ಟೆ ಮೇಲೆ ಇಟ್ಟರು. ಜಾಡಿಗೆ ನೀರು ಸುರಿದು, ಮಂಡಿಯೂರಿ, ಕಣ್ಣನ್ನು ನೀರಿನ ಮಟ್ಟಕ್ಕೇ ತಂದುಕೊಂಡು ನೋಡಿದರು. ಗಾಜಿನ ಅಂಚಿಗೆ ನೀರು ಏರಿಕೊಂಡಿರುತ್ತದಲ್ಲ, ಅದನ್ನು ಬಿಟ್ಟು ನಡುವಿನ ತಗ್ಗನ್ನು ಓದಬೇಕು. ಪ್ರಯೋಗಶಾಲೆಯಲ್ಲಿ ಮಕ್ಕಳಿಗೆ ನೂರು ಸಲ ಹೇಳುವ ಮಾತು. ಇಲ್ಲಿ ಯಾರೂ ಹೇಳದೆ ನಡೆಯುತ್ತಿತ್ತು. ಜಾಡಿಗೆ 20 ಮಿಲಿಮೀಟರ್ ಮಳೆ ಹಿಡಿಯುತ್ತದೆ. ತುಂಬಿದಾಗ ಚೆಲ್ಲಿ, ಮತ್ತೆ ಸುರಿದರು.

"ಲಾಭ" ಎಂದರು ಮೊದಲ ಜಾಡಿಗೆ. ಆಮೇಲೆ "ಎರಡು... ಮೂರು..."

ಕಣದಲ್ಲಿ ಭತ್ತ ಅಳೆಯುವಾಗ ಮೊದಲ ಕೊಳಗಕ್ಕೆ ಒಂದು ಎನ್ನುವುದಿಲ್ಲ, ಲಾಭ ಎನ್ನುತ್ತಾರೆ. ನಮ್ಮಜ್ಜನೂ ರಾಗಿ ಅಳೆಯುವಾಗ ಹಾಗೇ ಹೇಳುತ್ತಿದ್ದರು. ಮಳೆಯನ್ನೂ ಹಾಗೆ ಎಣಿಸುವುದನ್ನು ನಾನು ಕೇಳಿದ್ದು ಇದೇ ಮೊದಲು. ಲಾಭದಿಂದ ಐದರವರೆಗೆ ಹೋಗಿ, ಉಳಿದದ್ದು ಏಳು ಗೆರೆ. 107 ಮಿಲಿಮೀಟರ್. ಒಂದು ಚದರ ಮೀಟರ್ ನೆಲದ ಮೇಲೆ ಒಂದು ಮಿಲಿಮೀಟರ್ ಮಳೆ ಎಂದರೆ ಒಂದು ಲೀಟರ್ ನೀರು. ಹಿಂದಿನ ದಿನ ಎಂಟೂವರೆಯಿಂದ ಈ ಎಂಟೂವರೆವರೆಗೆ ಆ ಅಂಗಳದ ಒಂದೊಂದು ಚದರ ಮೀಟರಿನ ಮೇಲೂ 107 ಲೀಟರ್ ಬಿದ್ದಿತ್ತು. ನಮ್ಮೂರಲ್ಲಿ ಅಷ್ಟು ನೀರಿಗೆ ಏಳೆಂಟು ಕೊಡ ಹೊರಬೇಕು.

ದಿನದ ಮಳೆ ಬರೆದಿಡುವ ರಿಜಿಸ್ಟರಿನ ಹಳೇ ಪುಸ್ತಕಗಳಲ್ಲಿ ಭಾವನ ಅಪ್ಪಯ್ಯನ ಅಕ್ಷರವಿದೆ. ಅವರದ್ದೆಲ್ಲ ಇಂಚು, ಸೆಂಟು. ಇಂಚಿನ ನೂರನೇ ಒಂದು ಭಾಗಕ್ಕೆ ಸೆಂಟು ಅನ್ನುವುದು ಈ ಕಡೆಯ ತೋಟದವರ ರೂಢಿ. "ನಾಲ್ಕು ಇಂಚು ಇಪ್ಪತ್ತು ಸೆಂಟು" ಅಂದರೆ ಎಲ್ಲರಿಗೂ ಅರ್ಥವಾಗುತ್ತದೆ. ಭಾವ ಮಿಲಿಮೀಟರಿನಲ್ಲಿ ಬರೆದು, ಪಕ್ಕದಲ್ಲಿ ಪೆನ್ಸಿಲಿನಿಂದ ಇಂಚನ್ನೂ ಬರೆಯುತ್ತಾರೆ. ಹವಾಮಾನ ಇಲಾಖೆಯ ಲೆಕ್ಕದಲ್ಲಿ 2.5 ಮಿಲಿಮೀಟರ್ ಬಿದ್ದರೆ ಮಾತ್ರ ಅದು 'ಮಳೆ ದಿನ'. ಹತ್ತು ಸೆಂಟು ಎಂದರೂ ಹೆಚ್ಚುಕಡಿಮೆ ಅಷ್ಟೇ. ಹಳೆಯ ಮಾನ ಹೋದರೂ ಅದು ಹಾಕಿದ ಗೆರೆ ಉಳಿದಿರುತ್ತದೆ.

ಪುಸ್ತಕ ತಿರುವುತ್ತಿದ್ದಾಗ ಒಂದು ಪುಟದಲ್ಲಿ ಕೆಂಪು ಶಾಯಿಯ ಅಡ್ಡಗೆರೆ ಕಂಡಿತು.

"ಇದೇನು ಭಾವ?"

"ಅಲ್ಲಿಂದ ಮಾಪಕದ ಜಾಗ ಬೇರೆ. ಮೊದಲು ದನದ ಕೊಟ್ಟಿಗೆ ಹತ್ರ ಇತ್ತು. ಹಲಸಿನ ಮರ ಬೆಳೆದು ಮುಚ್ಚಿಕೊಂಡು ಬಂತು. ಅಪ್ಪಯ್ಯಂಗೆ ಮಳೆ ಕಮ್ಮಿ ಆಗ್ತಿದೆ ಅಂತ ಚಿಂತೆ. ನಾನು ಹೇಳಿದೆ, ಮಳೆ ಅಲ್ಲ, ಮರ ಹೆಚ್ಚಾಗಿದ್ದು ಅಂತ. ಈಗ ಗೆರೆಯಿಂದ ಮೇಲಿನದ್ದು ಕೆಳಗಿನದ್ದು ಕೂಡಿಸಂಗಿಲ್ಲ."

ಆ ಕೆಂಪು ಗೆರೆಯ ಮುಂದೆ ನಾನು ಬಹಳ ಹೊತ್ತು ಕುಳಿತೆ. ಇದೇ ತೊಡಕು ಲಂಡನ್ನಿನಲ್ಲಿ ವಿಲಿಯಂ ಹೆಬರ್ಡನ್ ಎಂಬ ವೈದ್ಯನಿಗೆ ಎದುರಾಗಿತ್ತು. 1766ರಿಂದ ಒಂದು ವರ್ಷ ಅವನು ಮೂರು ಕಡೆ ಮಾಪಕ ಇಟ್ಟ: ನೆಲದ ಹತ್ತಿರ, ಮನೆ ಮಾಡಿನ ಮೇಲೆ, ವೆಸ್ಟ್‌ಮಿನ್‌ಸ್ಟರ್ ಅಬ್ಬೆ ಎಂಬ ದೊಡ್ಡ ಇಗರ್ಜಿಯ ಗೋಪುರದ ತುದಿಯಲ್ಲಿ. ಕೆಳಗೆ 22.6 ಇಂಚು, ಮಾಡಿನ ಮೇಲೆ 18.1, ಗೋಪುರದಲ್ಲಿ ಬರೀ 12.1. ಅದೇ ಊರು, ಅದೇ ಮೋಡ. ಹನಿಗಳು ಕೆಳಗಿಳಿಯುತ್ತ ದಪ್ಪಗಾಗುತ್ತವೆಯೇ, ವಿದ್ಯುತ್ತಿನ ಆಟವೇ ಎಂದು ಸುಮಾರು ಒಂದು ಶತಮಾನ ವಾದ ನಡೆಯಿತು. 1861ರಲ್ಲಿ ವಿಲಿಯಂ ಸ್ಟ್ಯಾನ್ಲಿ ಜೆವೊನ್ಸ್ ಸರಿಯಾದ ಕಾರಣ ತೋರಿಸಿದ. ಮುಂದೆ ಅರ್ಥಶಾಸ್ತ್ರಜ್ಞನಾಗಿ ಹೆಸರು ಮಾಡಿದವನೇ ಅವನು. ಎತ್ತರದಲ್ಲಿ ಗಾಳಿ ಜೋರು. ಆ ಗಾಳಿ ಮಾಪಕದ ಬಾಯಿಗೆ ಬಡಿದು ಮೇಲಕ್ಕೆ ಏಳುತ್ತದೆ, ಹನಿಗಳನ್ನು ಆಚೆಗೆ ತಳ್ಳುತ್ತದೆ. ಮಳೆಯನ್ನು ಹಿಡಿಯಲು ಇಟ್ಟ ಪಾತ್ರೆಯೇ ಮಳೆಯನ್ನು ತಪ್ಪಿಸುತ್ತಿತ್ತು. ಜೆವೊನ್ಸನಿಗೆ ಗಾಳಿ, ಭಾವನಿಗೆ ಹಲಸಿನ ಮರ. ಇಬ್ಬರೂ ಅನುಮಾನಪಟ್ಟದ್ದು ಆಕಾಶವನ್ನಲ್ಲ, ಪಾತ್ರೆ ಇಟ್ಟ ಜಾಗವನ್ನು. ಈ ಅನುಮಾನವೇ ಅಳತೆಯ ಅರ್ಧ ಕೆಲಸ ಎಂದು ನನಗೆ ಆ ಜಗುಲಿಯಲ್ಲಿ ಅನ್ನಿಸಿತು.

ಮಧ್ಯಾಹ್ನ ಊಟವಾದ ಮೇಲೆ ಆಗುಂಬೆಗೆ ಹೋದೆವು. ಸೂರ್ಯಾಸ್ತ ನೋಡುವ ಕಟ್ಟೆಯ ಹತ್ತಿರ ಜೀಪು ನಿಲ್ಲಿಸಿದರೆ ಕಟ್ಟೆಯೇ ಕಾಣಲಿಲ್ಲ. ಘಟ್ಟದ ಕೆಳಗಿಂದ ಮೋಡ ಏರಿ ಬಂದು ಮುಖಕ್ಕೆ ತಾಗಿ ಹೋಗುತ್ತಿತ್ತು. ಬೇಸಿಗೆಯಲ್ಲಾದರೆ ಇಲ್ಲಿಂದ ಅರಬ್ಬೀ ಸಮುದ್ರ ಕಾಣುತ್ತದೆ. ಸಮುದ್ರದಿಂದ ಬಂದ ಮೋಡ ಮೊದಲು ತಲೆ ಹೊಡೆದುಕೊಳ್ಳುವ ಗೋಡೆ ಇದು. ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ. ನೆಲ ಹೀರದೆ, ಹೊಳೆ ಹರಿಸದೆ ನಿಲ್ಲಿಸಿಕೊಂಡರೆ ಎರಡು ಅಂತಸ್ತಿನ ಮನೆ ಮುಳುಗುತ್ತದೆ.

ಆ ಮಂಜಿನಲ್ಲಿ ನಿಂತಾಗ ಕೌಟಿಲ್ಯನ ಅರ್ಥಶಾಸ್ತ್ರದ ಒಂದು ಸಾಲು ನೆನಪಾಯಿತು. ಉಗ್ರಾಣದ ಮುಂದೆ ಒಂದು ಅರತ್ನಿ ಅಗಲದ ಬಾಯಿಯ ಕುಂಡವನ್ನು ಮಳೆ ಅಳೆಯಲು ಇಡಬೇಕು ಎಂದು ಅದರಲ್ಲಿದೆ. ಅರತ್ನಿ ಎಂದರೆ ಸುಮಾರು ಒಂದು ಮೊಳ. ಯಾವ ಸೀಮೆಯಲ್ಲಿ ಎಷ್ಟು ದ್ರೋಣ ಮಳೆ ಎಂಬ ಪಟ್ಟಿಯೂ ಇದೆ: ಒಣನಾಡಿಗೆ 16, ನೀರುನಾಡಿಗೆ ಅದರ ಒಂದೂವರೆಯಷ್ಟು, ಅವಂತಿಗೆ 23. ಪಡುವಣ ಕರಾವಳಿಯಾದ ಅಪರಾಂತಕ್ಕೆ ಬಂದಾಗ ಅಂಕಿ ಇಲ್ಲ, 'ಅಮಿತಂ' ಎಂದಿದೆ. ಅಮಿತ ಎಂಬ ಮಾತನ್ನು ನಾವು ಈಗ ಅಮಿತ ಆನಂದ, ಅಮಿತ ಪ್ರೀತಿ ಎಂದು ಸುಮ್ಮನೆ ಬಳಸುತ್ತೇವೆ. ಮಿತಿ ಎಂದರೆ ಅಳತೆ. ಅಮಿತ ಎಂದರೆ ಅಳೆಯಲಾಗದ್ದು. ಆ ಕುಂಡ ಇಲ್ಲಿ ತುಂಬಿ ಹೊರಚೆಲ್ಲಿ ಲೆಕ್ಕ ತಪ್ಪಿಸಿರಬೇಕು. ಅಪರಾಂತದ ಅಂಚಿನ ಗೋಡೆಯ ಮೇಲೆ ನಿಂತು ಆ ಪದವನ್ನು ಜೋರಾಗಿ ಹೇಳಿದೆ. ಭಾವ "ಎಂಥದು?" ಎಂದರು. ಅರ್ಥ ಹೇಳಿದೆ. "ಹೌದು, ಡಬ್ಬಿ ಸಣ್ಣದಾದ್ರೆ ಹಾಗೇ ಬರೀಬೇಕಾಗ್ತದೆ" ಎಂದರು.

ರಾತ್ರಿ ಅಡಿಗೆ ಮನೆಯಲ್ಲಿ ಅಕ್ಕ ಎಸರಿಗೆ ಇಟ್ಟಿದ್ದಳು. ನನ್ನ ಚೀಲದಲ್ಲಿ ಕಾಲೇಜಿನ ಪಾದರಸದ ಥರ್ಮಾಮೀಟರ್ ಇತ್ತು. ಎತ್ತರಕ್ಕೆ ಹೋದಂತೆ ನೀರು ಬೇಗ ಕುದಿಯುತ್ತದೆ, 300 ಮೀಟರಿಗೆ ಸುಮಾರು ಒಂದು ಡಿಗ್ರಿ ಇಳಿಯುತ್ತದೆ. ಹಾಗಾಗಿ ಇಲ್ಲಿ 98ರ ಆಸುಪಾಸು ಬರಬೇಕು. "ಕುದ್ದಾಗ ಹೇಳು, ನೋಡ್ತೀನಿ" ಎಂದೆ.

"ಯಾವ ಕುದಿಗೆ?" ಅಂದಳು ಅಕ್ಕ. "ತಳದಲ್ಲಿ ಗುಳ್ಳೆ ಏಳೋದಕ್ಕೋ, ಕೊತಕೊತ ಮರಳೋದಕ್ಕೋ?"

ಅವಳು ಅಕ್ಕಿ ಹಾಕುವುದು ಎಸರು ಮರಳಿದ ಮೇಲೆ. ಹಾಗಾಗಿ ಅವಳಿಗೆ ಈ ವ್ಯತ್ಯಾಸ ದಿನದ ಕೆಲಸ. ಹದಿನೆಂಟನೇ ಶತಮಾನದ ವಿಜ್ಞಾನಿಗಳು ಸಿಕ್ಕಿಕೊಂಡದ್ದೂ ಇಲ್ಲಿಯೇ. ಲಂಡನ್ನಿನ ಜಾರ್ಜ್ ಆಡಮ್ಸ್ ಮಾಡಿದ ಒಂದು ಥರ್ಮಾಮೀಟರಿನಲ್ಲಿ ನೀರು ಕುದಿಯುವುದಕ್ಕೆ ಎರಡು ಗುರುತು: 204 ಡಿಗ್ರಿ ಫ್ಯಾರನ್‌ಹೀಟಿಗೆ ಕುದಿ ಶುರು, 212ಕ್ಕೆ ಜೋರು ಕುದಿ. ಜಿನೀವಾದ ಡಿ ಲ್ಯೂಕ್ ಇನ್ನೂ ಮುಂದೆ ಹೋದ. ನೀರಿನಲ್ಲಿ ಕರಗಿರುವ ಗಾಳಿಯೇ ಈ ಗೊಂದಲಕ್ಕೆ ಕಾರಣವಿರಬೇಕೆಂದು ನಾಲ್ಕು ವಾರ ನೀರಿನ ಬುಡ್ಡಿಯನ್ನು ಕೈಯಲ್ಲಿ ಹಿಡಿದು ಕುಲುಕಿದ. ಓದುವಾಗ, ಬರೆಯುವಾಗ, ಗೆಳೆಯರನ್ನು ನೋಡಲು ಹೋದಾಗಲೂ ಬುಡ್ಡಿ ಕೈಯಲ್ಲೇ. ಗಾಳಿ ಹೋದ ಆ ನೀರು 112 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೂ ಕುದಿಯದೆ, ಆಮೇಲೆ ಒಮ್ಮೆಗೇ ಸಿಡಿಯಿತು. ನೂರು ಡಿಗ್ರಿ ಎಂಬ ಕಂಬವೇ ಅಲುಗಾಡಿತು. 1777ರಲ್ಲಿ ವಿಜ್ಞಾನಿ ಕ್ಯಾವೆಂಡಿಶ್ ಮುಂದಾಳಾಗಿದ್ದ, ಲಂಡನ್ನಿನ ವಿಜ್ಞಾನಿಗಳ ಸಂಘ ರಾಯಲ್ ಸೊಸೈಟಿಯ ಸಮಿತಿ ಒಂದು ದಾರಿ ಹೇಳಿತು: ನೀರಿನಲ್ಲಿ ಅದ್ದಬೇಡಿ, ಮೇಲಿನ ಆವಿಯಲ್ಲಿ ಹಿಡಿಯಿರಿ, ಅದು ಹೆಚ್ಚು ಸ್ಥಿರ.

ಆ ರಾತ್ರಿ ನನ್ನನ್ನು ಎಬ್ಬಿಸಿದ್ದು ಇದರ ಹಿಂದಿರುವ ಗಂಟು. ನೀರು ಒಂದೇ ಉಷ್ಣತೆಯಲ್ಲಿ ಕುದಿಯುತ್ತದೆ ಎಂದು ತಿಳಿಯಲು ಥರ್ಮಾಮೀಟರ್ ಬೇಕು. ಥರ್ಮಾಮೀಟರಿಗೆ ಗೆರೆ ಹಾಕಲು ಕುದಿಯುವ ನೀರು ಬೇಕು. ಹಾಗಾದರೆ ಮೊದಲು ಯಾವುದು? ನನ್ನ ವಿದ್ಯಾರ್ಥಿನಿ ಕೇಳಿದ್ದು ಇದನ್ನೇ. ನಡೆದದ್ದು ನೋಡಿದರೆ, ಮೊದಲು ಯಾವುದೂ ಇರಲಿಲ್ಲ. ಕೈಗೆ ಬಿಸಿ, ತಣ್ಣಗೆ ಎಂಬ ಒರಟು ಅಂದಾಜು ಇತ್ತು. ಅದನ್ನು ನಂಬಿ ಗೆರೆಯಿಲ್ಲದ ಒಂದು ಗಾಜಿನ ಕೊಳವೆ ಮಾಡಿದರು. ಕೊಳವೆ ಕೈಯ ಅಂದಾಜನ್ನು ತಿದ್ದಿತು. ತಿದ್ದಿದ ಅಂದಾಜು ಕುದಿಯುವ ನೀರನ್ನು ಅನುಮಾನಿಸಿತು, ಅನುಮಾನದಿಂದ ಇನ್ನೂ ಒಳ್ಳೆಯ ಕೊಳವೆ ಬಂತು. ಇಬ್ಬರು ಒಬ್ಬರ ಹೆಗಲು ಒಬ್ಬರು ಹಿಡಿದು ಹೊಳೆ ದಾಟುವ ಹಾಗೆ. (ಅಂದ ಹಾಗೆ, 1742ರಲ್ಲಿ ಸೆಲ್ಸಿಯಸ್ ಹಾಕಿದ ಗೆರೆಗಳು ತಿರುವುಮುರುವಾಗಿದ್ದವು: ಕುದಿಗೆ 0, ಹೆಪ್ಪಿಗೆ 100. ಆಮೇಲೆ ಬಂದವರು ತಿರುಗಿಸಿದರು.) ಅಕ್ಕನ ಎಸರಿನ ಆವಿಯಲ್ಲಿ ಪಾದರಸ 98ಕ್ಕೆ ಕೂದಲೆಳೆಯಷ್ಟು ಕೆಳಗೆ ನಿಂತಿತು.

ಭಾನುವಾರ ಬೆಳಿಗ್ಗೆ ಆರೂವರೆಗೇ ಹೊರಟೆವು. ಮಾಪಕ ನೋಡುವ ಕೆಲಸವನ್ನು ಭಾವ ಅಕ್ಕನಿಗೆ ಒಪ್ಪಿಸಿದರು. ಹೊಸನಗರ ದಾಟಿ ನಗರದ ಕೋಟೆಯಲ್ಲಿ ಅರ್ಧ ಗಂಟೆ ನಿಂತೆವು. ಬಾಗಿಲಿಂದ ಒಳಗೆ ಹಾವಸೆ, ಜಾರಿಕೆ. ನಗರ ಎಂಬ ಈ ಊರೇ ಹಿಂದಿನ ಬಿದನೂರು. ಇಲ್ಲಿ ಕೂತು ಈ ನಾಡನ್ನು ಆಳಿದ ಕೆಳದಿಯ ಶಿವಪ್ಪ ನಾಯಕನ (1645–1660) ಹೆಸರು ಇಂದಿಗೂ ರೈತರ ಬಾಯಲ್ಲಿರುವುದು ಯುದ್ಧಕ್ಕಿಂತ ಹೆಚ್ಚಾಗಿ 'ಶಿಸ್ತಿ'ನಿಂದ. ಶಿಸ್ತು ಎಂದರೆ ಇಲ್ಲಿ ಕಂದಾಯದ ನಿಗದಿ. ಹಳೆಯ ಮೈಸೂರು ಗೆಜೆಟಿಯರ್ ಹೇಳುವ ಪ್ರಕಾರ ಅವನು ಊರೂರಲ್ಲಿ ಒಂದೊಂದು ಬಗೆಯ ಒಂದೊಂದು ಗದ್ದೆಯನ್ನು 12 ವರ್ಷ ತನ್ನ ಖರ್ಚಿನಲ್ಲೇ ಬೇಸಾಯ ಮಾಡಿಸಿ, ಬಿತ್ತಿದ್ದೆಷ್ಟು, ಖರ್ಚೆಷ್ಟು, ಬೆಳೆದದ್ದೆಷ್ಟು, ಬೆಲೆಯೆಷ್ಟು ಎಂದು ಬರೆಸಿದ. ಸರಾಸರಿ ತೆಗೆದು ಮೂರನೇ ಒಂದು ಪಾಲು ಅರಮನೆಗೆ ಎಂದು ಗೊತ್ತುಮಾಡಿದ. ಒಂದು ವರ್ಷದ ಬೆಳೆ ನೋಡಿ ಹೇಳಬಹುದಿತ್ತು. ಹನ್ನೆರಡು ವರ್ಷ ಕಾಯ್ದದ್ದು, ಒಂದು ಸಲದ ಅಳತೆ ಗದ್ದೆಯ ಗುಣವಲ್ಲ, ಆ ವರ್ಷದ ಮಳೆಯ ಗುಣ ಎಂದು ಅರಿತವನ ಕೆಲಸ. ಯೂರೋಪಿನಲ್ಲಿ ಸರಾಸರಿಯ ಸಿದ್ಧಾಂತ ಬೆಳೆಯುವುದಕ್ಕೆ ಎಷ್ಟೋ ಮೊದಲಿನ ಮಾತು.

ನಾನು ನೋಡಬೇಕೆಂದು ಬಂದದ್ದು ಮಾತ್ರ ಇಕ್ಕೇರಿಯನ್ನು. ಸಾಗರದ ಪಕ್ಕದ ಆ ಸಣ್ಣ ಊರಲ್ಲಿ ಅಘೋರೇಶ್ವರನ ದೊಡ್ಡ ಕಲ್ಲು ಗುಡಿ. ಎದುರಿಗೆ ನಂದಿ ಮಂಟಪ. ಅಡಿಕೆ ತೋಟ ಅಳೆಯುವ ಕೋಲಿನ ಉದ್ದ ಈ ಗುಡಿಯ ಕಲ್ಲಿನಲ್ಲಿತ್ತು. ಅದೇ ಗೆಜೆಟಿಯರಿನಲ್ಲಿ ಒಂದು ಕಡೆ ನಡುವಿನ ಕಂಬಗಳ ಅಂತರ ಎಂದಿದೆ, ಇನ್ನೊಂದು ಕಡೆ ಗುಡಿಯ ಕಲ್ಲು ಮೆಟ್ಟಿಲಿನ ಉದ್ದ ಎಂದಿದೆ. ಲೆಕ್ಕ ಎರಡು ಕಡೆಯೂ ಒಂದೇ: ಇಂಗ್ಲಿಷ್ ಅಳತೆಯಲ್ಲಿ 18 ಅಡಿ 6 ಇಂಚು. ಕೋಲು ಸವೆದರೆ, ಕಳೆದರೆ, ಶಾನುಭೋಗ ಮೋಸ ಮಾಡಿದ ಎಂದು ಅನುಮಾನ ಬಂದರೆ ರೈತ ದೇವರ ಮುಂದೆ ಬಂದು ಕೋಲನ್ನು ಕಲ್ಲಿಗೆ ಹಿಡಿದು ನೋಡಬಹುದಾಗಿತ್ತು ಎಂದು ನಾನು ಊಹಿಸಿಕೊಂಡೆ.

ಉಕ್ಕಿನ ಟೇಪು ಜೀಪಿನಲ್ಲಿತ್ತು, ಬೇಕೆಂದೇ ಬಿಟ್ಟು ಬಂದೆ. ನಾಯಕನ ಕಾಲದವರ ಹಾಗೆ ಗುಡಿಯ ಉದ್ದವನ್ನು ಅಂಕಿ ಮಾಡದೆ, ಉದ್ದವಾಗಿಯೇ ಎತ್ತಿಕೊಂಡು ಹೋಗಬೇಕೆಂದು ಆಸೆ. ಅದಕ್ಕೆ ಸೆಣಬಿನ ಹುರಿ ತಂದಿದ್ದೆ. ಒಳಗೆ ನೆಲದ ಮೇಲೆ ಅಡ್ಡಬಿದ್ದಿರುವ ನಾಯಕರ ಮೂರು ಕೆತ್ತನೆಗಳಿವೆ. ಅವನ್ನು ತುಳಿಯದಂತೆ ದಾಟಿ, ಹುರಿಯ ಒಂದು ತುದಿ ಭಾವನ ಕೈಗೆ ಕೊಟ್ಟು ಎಳೆದೆ. ಎಳೆದ ಮೇಲೆ ತೋಚಲಿಲ್ಲ. ಕಂಬದ ಬುಡ ಚೌಕ, ಅಗಲ. ಮೇಲೆ ಸಣ್ಣ. ಬುಡದಿಂದ ಬುಡಕ್ಕೋ? ಮೈಯಿಂದ ಮೈಗೋ?

"ನಡುವಿಂದ ನಡುವಿಗೆ ಹಿಡಿ" ಎಂದರು ಭಾವ. "ಅಡಿಕೆ ಸಸಿ ನೆಡೋದು ಹಂಗೇ. ಬುಡ ದಪ್ಪ ಆಗ್ತಾ ಹೋಗ್ತದೆ, ನಡು ಕದಲೋದಿಲ್ಲ."

ಬಿಗಿಯಾಗಿ ಎಳೆದರೆ ಒಂದು, ಸಡಿಲ ಬಿಟ್ಟರೆ ಒಂದು. ಇಬ್ಬರೂ ಒಂದೇ ಬಿಗಿಗೆ ಒಪ್ಪಿಕೊಂಡು ಗಂಟು ಹಾಕಿದೆವು.

ಆ ಕಂಬಕ್ಕೆ ಒರಗಿ ಕುಳಿತಾಗ ಪ್ಯಾರಿಸ್ ನೆನಪಾಗದೆ ಇರಲಿಲ್ಲ. ಯಾವ ರಾಜನ ಮೊಳವೂ ಬೇಡ, ಭೂಮಿಯಿಂದಲೇ ಅಳತೆ ಬರಲಿ ಎಂದು ಹೊರಟವರು ಫ್ರೆಂಚರು. ಉತ್ತರ ಧ್ರುವದಿಂದ ಸಮಭಾಜಕಕ್ಕೆ ಇರುವ ದೂರದ ಕೋಟಿಗೆ ಒಂದು ಭಾಗ ಒಂದು ಮೀಟರ್. ಅದಕ್ಕಾಗಿ ಖಗೋಳ ವಿಜ್ಞಾನಿಗಳಾದ ಡೆಲಾಂಬ್ರ, ಮೆಶೆಯ್ನ್ ಇಬ್ಬರೂ 1792ರಿಂದ ಡನ್‌ಕರ್ಕ್–ಬಾರ್ಸಿಲೋನಾ ನಡುವೆ ಏಳು ವರ್ಷ ಅಲೆದರು. ಕೊನೆಗೆ 1799ರಲ್ಲಿ ಪ್ಲಾಟಿನಮ್ ಸರಳೊಂದನ್ನು ಮಾಡಿ ಇಟ್ಟರು. ಅದು ಬೇಕಾದದ್ದಕ್ಕಿಂತ 0.2 ಮಿಲಿಮೀಟರ್ ಗಿಡ್ಡ. ಆದರೂ ಅದನ್ನೇ ಮೀಟರ್ ಎಂದರು. ಭೂಮಿಯನ್ನು ಬಿಟ್ಟು ಸರಳನ್ನು ಹಿಡಿದರು. ಆ ಸರಳಿನ ಉದ್ದ ಒಂದು ಮೀಟರ್ ಹೌದೋ ಅಲ್ಲವೋ ಎಂಬ ಮಾತನ್ನೇ ಆಡಲು ಬರುವುದಿಲ್ಲ ಎಂದವನು ತತ್ತ್ವಜ್ಞಾನಿ ವಿಟ್‌ಗೆನ್‌ಸ್ಟೈನ್. ಏಕೆಂದರೆ ಮೀಟರ್ ಎಂದರೆ ಏನು ಎಂದು ಹೇಳುವುದೇ ಅದು. ಇಕ್ಕೇರಿಯ ಕಲ್ಲೂ ಹಾಗೆಯೇ. ಅದು ತಪ್ಪಾಗಲು ಸಾಧ್ಯವಿಲ್ಲ, ಉಳಿದ ಕೋಲುಗಳೆಲ್ಲ ತಪ್ಪಾಗಬಹುದು.

ಇದರ ಕಷ್ಟ ಕಿಲೋಗ್ರಾಮಿನಲ್ಲಿ ಗೊತ್ತಾಯಿತು. 1889ರಲ್ಲಿ ಒಪ್ಪಿಕೊಂಡ ಪ್ಲಾಟಿನಮ್-ಇರಿಡಿಯಮ್ ತೂಕದ ಬಟ್ಟು ಪ್ಯಾರಿಸ್ಸಿನ ಹತ್ತಿರ ಗಂಟೆಯಾಕಾರದ ಗಾಜಿನ ಮುಚ್ಚಳಗಳ ಒಳಗೆ ಕುಳಿತಿತ್ತು. ಅದರ ಒಡಹುಟ್ಟಿದ ಬಟ್ಟುಗಳು ಬೇರೆಬೇರೆ ದೇಶಗಳಲ್ಲಿ. ನಮ್ಮದು 57ನೇ ಸಂಖ್ಯೆಯದು, ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದಲ್ಲಿದೆ. ನೂರು ವರ್ಷದ ಮೇಲೆ ತೂಗಿ ನೋಡಿದರೆ ಮೂಲಕ್ಕೂ ನಕಲುಗಳಿಗೂ ಸುಮಾರು 50 ಮೈಕ್ರೋಗ್ರಾಮ್ ವ್ಯತ್ಯಾಸ. ಮೂಲ ಸವೆಯಿತೋ, ನಕಲು ಹೆಚ್ಚಿತೋ, ಹೇಳುವವರು ಯಾರು? 2019ರ ಮೇ 20ರಿಂದ ಆ ಬಟ್ಟಿಗೆ ಬಿಡುಗಡೆಯಾಯಿತು. ಈಗ ಪ್ಲಾಂಕ್ ಸ್ಥಿರಾಂಕ ಎಂಬ, ಪ್ರಕೃತಿಯ ಬದಲಾಗದ ಅಂಕಿಯೊಂದರಿಂದ ಕಿಲೋಗ್ರಾಮ್. ಮೀಟರ್ 1983ರಿಂದಲೇ ಬೆಳಕಿನ ವೇಗವನ್ನು ಹಿಡಿದುಕೊಂಡಿದೆ. ಕಲ್ಲಿನಿಂದ ಲೋಹಕ್ಕೆ, ಲೋಹದಿಂದ ಯಾರ ಬೀಗದ ಕೋಣೆಯಲ್ಲೂ ಇಡಲಾಗದ ಒಂದಕ್ಕೆ. ನನಗೆ ಇದು ನಿಜಕ್ಕೂ ದೊಡ್ಡ ಸಂತೋಷದ ಸಂಗತಿ.

ಹೊರಗೆ ಬಂದಾಗ ಮಳೆ ಹುಯ್ಯುತ್ತಿತ್ತು. ಜೀಪಿಗೆ ಓಡುವಷ್ಟರಲ್ಲಿ ಹುರಿ ತೊಪ್ಪೆ.

ಲಿಂಗನಮಕ್ಕಿಗೆ ಹೋದದ್ದು ಸಂಜೆ, ಕಂಡದ್ದು ಕಡಿಮೆ. ಪೂರ್ಣ ಮಟ್ಟ 1,819 ಅಡಿ ಎಂದು ಈ ಕಡೆಯ ಮಕ್ಕಳಿಗೂ ಗೊತ್ತು. ದೇಶವೆಲ್ಲ ಮೀಟರಿಗೆ ಹೋದರೂ ಅಣೆಕಟ್ಟೆಯ ನೀರು ಅಡಿಯಲ್ಲೇ ಏರುತ್ತದೆ. ಅಷ್ಟು ಅಡಿ ಎಲ್ಲಿಂದ? ಸಮುದ್ರ ಮಟ್ಟದಿಂದ. ಸಮುದ್ರವಂತೂ ಒಂದು ಗಳಿಗೆ ಇದ್ದಲ್ಲಿ ಇರುವುದಿಲ್ಲ. ಒಂಬತ್ತು ಬಂದರುಗಳಲ್ಲಿ ವರ್ಷಗಟ್ಟಲೆ ಉಬ್ಬರ ಇಳಿತ ಬರೆದು, ಸರಾಸರಿ ತೆಗೆದು 1909ರಲ್ಲಿ ನಮ್ಮ ದೇಶಕ್ಕೆ ಒಂದು ಸೊನ್ನೆಯನ್ನು ಗೊತ್ತುಮಾಡಿದರು. ಅವುಗಳಲ್ಲಿ ನಮ್ಮ ಕಾರವಾರವೂ ಒಂದು. ಘಟ್ಟ ಇಳಿದರೆ ಸಿಗುವ ಅಲೆಗಳು ಈ ಘಟ್ಟದ ಮೇಲಿನ ನೀರಿಗೆ ಸೊನ್ನೆ ಕೊಟ್ಟಿವೆ.

ರಾತ್ರಿ ಮನೆಯಲ್ಲಿ ಜಗುಲಿಯ ಉದ್ದಕ್ಕೂ ಹುರಿ ಚಾಚಿ ಟೇಪು ಹಿಡಿದೆ. ಬೆಳಿಗ್ಗೆ, ಒಲೆಯ ಮೇಲಿನ ಅಟ್ಟದಲ್ಲಿ ಒಣಗಿದ ಅದೇ ಹುರಿಯನ್ನು ಮತ್ತೆ ಹಿಡಿದರೆ ನಾಲ್ಕು ಬೆರಳಿನಷ್ಟು ಉದ್ದವಾಗಿತ್ತು. ಹೊಸೆದ ನಾರು ನೆನೆದರೆ ಉಬ್ಬಿ ಗಿಡ್ಡವಾಗುತ್ತದೆ. ಭಾರತದ ಮಹಾ ಭೂಮಾಪನ ಶುರುಮಾಡಿದ ವಿಲಿಯಂ ಲ್ಯಾಂಬ್‌ಟನ್ ಉಕ್ಕಿನ ಸರಪಳಿ ತಂದದ್ದು ಇಂಥದ್ದಕ್ಕೇ. 1802ರಲ್ಲಿ ಮದ್ರಾಸಿನಲ್ಲಿ ಏಳೂವರೆ ಮೈಲಿಯ ಮೂಲರೇಖೆಯನ್ನು ಅವನು ನೂರಡಿ ಸರಪಳಿಯಿಂದ ಅಳೆದ. ಅಲ್ಲಿಂದ ತ್ರಿಕೋನ ಕಟ್ಟುತ್ತ ಮೈಸೂರು ಸೀಮೆ ದಾಟಿ ಮಂಗಳೂರಿನ ಕಡಲು ಮುಟ್ಟಿದಾಗ, ನಕ್ಷೆಗಳಲ್ಲಿ 400 ಮೈಲಿ ಇದ್ದ, ಎರಡು ಕಡಲುಗಳ ನಡುವಿನ ನಾಡಿನ ಅಗಲ 360ಕ್ಕೆ ಇಳಿಯಿತು. ಉಕ್ಕು ನೆನೆಯುವುದಿಲ್ಲ, ಆದರೆ ಬಿಸಿಲಿಗೆ ಹಿಗ್ಗುತ್ತದೆ. ಹಾಗಾಗಿ ಸರಪಳಿಯನ್ನು ಮರದ ದೋಣಿಯಂಥ ಪೆಟ್ಟಿಗೆಗಳಲ್ಲಿ ಮಲಗಿಸಿ ಪಕ್ಕದಲ್ಲೇ ಥರ್ಮಾಮೀಟರುಗಳನ್ನು ಇಟ್ಟು ಓದಿದ. ಉದ್ದ ಅಳೆಯಲು ಉಷ್ಣತೆ ಬೇಕಾಯಿತು. ಉಷ್ಣತೆ ಎಂದರೆ ಪಾದರಸದ ದಾರದ ಉದ್ದ. ಮತ್ತೆ ಅದೇ ಹೆಗಲು, ಅದೇ ಹೊಳೆ. ಆ ಹುಡುಗಿಗೆ ಈ ಸಲ ಹುರಿಯನ್ನೇ ತೋರಿಸಬೇಕು, ಒಣಗಿದಾಗಲೂ ನೆನೆದಾಗಲೂ.

ಎಂಟೂವರೆಗೆ ಭಾವ ಮಾಪಕದ ನೀರು ತಂದರು. ಲಾಭ, ಎರಡು, ಮತ್ತೆ ಹದಿಮೂರು ಗೆರೆ. ರಿಜಿಸ್ಟರ್ ಬಿಚ್ಚಿದರೆ ಹಿಂದಿನ ದಿನದ ಸಾಲಿನಲ್ಲಿ ಅಕ್ಕನ ಗುಂಡು ಅಕ್ಷರ: "84. ಸುರಿವಾಗ ಸ್ವಲ್ಪ ಚೆಲ್ಲಿತು. ನೋಡಿದ್ದು 8:50ಕ್ಕೆ."

ಭಾವ ಅದನ್ನು ಎರಡು ಸಲ ಓದಿದರು. ತಿದ್ದಲಿಲ್ಲ. ಕೆಳಗಿನ ಸಾಲಿನಲ್ಲಿ 53 ಎಂದು ಬರೆದು, ಪೆನ್ಸಿಲ್ ತೆಗೆದುಕೊಂಡು ಇಂಚಿನ ಲೆಕ್ಕ ಹಾಕತೊಡಗಿದರು.